ಗುಂಡಪ್ಪನೊಡನೆ ನನ್ನ ತಾಲೀಮು

ಮಗುವನ್ನು ಎತ್ತಿಕೊಳ್ಳುವುದನ್ನು ತಾಯಿಗೆ ಯಾರೂ ಹೇಳಿಕೊಡಬೇಕಾಗಿಲ್ಲ, ಅದು ಹೆರಿಗೆಯ ಜೊತೆಗೇ ಬಂದುಬಿಡುತ್ತದೆ ಎಂದು ಲೋಕವೆಲ್ಲ ನಂಬಿದೆ. ನಾನೂ ನಂಬಿದ್ದೆ. ಆದರೆ ಹೆರಿಗೆಯ ಬೆನ್ನಿಗೆ ನನಗೆ ಬಂದದ್ದು ಮಣಿಕಟ್ಟಿನ ನೋವು. ಅದೂ ಎಂಥ ನೋವು! ಹೆಬ್ಬೆರಳಿನ ಬುಡದಿಂದ ಹೊರಟು ಮೊಣಕೈಯ ತನಕ ಚಳಕ್ಕೆಂದು ಓಡುವಂಥದ್ದು. ಮುಂಬಯಿಯ ಫೋರ್ಟಿನ ಬ್ಯಾಂಕಿಗೆ ಕೆಲಸಕ್ಕೆ ಹೋಗುತ್ತಿದ್ದಾಗ ಬೊರಿವಲಿ ಲೋಕಲ್‌ನಲ್ಲಿ ಒಂದು ಕೈಯಿಂದ ಹಿಡಿಕೆಗೆ ಜೋತುಬಿದ್ದು ಇನ್ನೊಂದು ಕೈಯಲ್ಲಿ ಇಡ್ಲಿ ತಿಂದು ಮುಗಿಸಿದ ಧೀರೆ ನಾನು. ಅಂಥವಳು, ಮಗಳಿಗೆ ಎರಡು ತಿಂಗಳು ತುಂಬುವ ಹೊತ್ತಿಗೆ, ಪೇಸ್ಟಿನ ಮುಚ್ಚಳ ತೆಗೆಯಲು ಗಂಡನನ್ನು ಕೂಗಿ ಕರೆಯುವಂತಾದೆ.

ಕಾರಣ ಹೇಳುವವರಿಗೇನೂ ಕೊರತೆಯಿರಲಿಲ್ಲ. ನನ್ನ ಗಂಡ ಸುಧೀರ, ಊರು ಉಡುಪಿಯಾದರೂ ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. "ಮೊಬೈಲ್ ಕಮ್ಮಿ ಮಾಡು ಮಾರಾಯ್ತಿ, ಎಲ್ಲಾ ಠೀಕ್ ಆಗ್ತದೆ" ಎಂದು ತನ್ನ ಮೊಬೈಲಿನಿಂದ ತಲೆಯೆತ್ತದೆ ಹೇಳಿದ. ಬಾಣಂತನಕ್ಕೆಂದು ಹುಬ್ಬಳ್ಳಿಯಿಂದ ಬಂದಿದ್ದ ಅವ್ವ, "ತಣ್ಣೀರಾಗ ಕೈ ಹಾಕೀದಿ, ಗಾಳಿ ಹೊಕ್ಕೈತಿ. ಮೂರು ಹಡದೀನಿ ನಾನು, ಬಾವಿ ನೀರು ಸೇದೀನಿ, ಎಂದರ ಕೈ ನೋವು ಅಂದೀನೇನು?" ಎಂದಳು. ಮೇಲಿನ ಮಹಡಿಯ ಮರಾಠಿ ಕಾಕೂ ನೇರವಾಗಿ ಉಪ್ಪು ಮೆಣಸಿನಕಾಯಿ ತಂದು ದೃಷ್ಟಿ ತೆಗೆದರು. ಕೆಮ್ಮಿ ಕೆಮ್ಮಿ ಅರ್ಧ ತಾಸು ಕೈನೋವು ಮರೆತಿತ್ತು, ಅಷ್ಟರಮಟ್ಟಿಗೆ ಗುಣ ಕಂಡಿತೆಂದೇ ಹೇಳಬೇಕು.

ಕೊನೆಗೆ ಡಾಕ್ಟರ ಬಳಿ ಹೋದೆವು. ಅವರು ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಿಸಲು ಹೇಳಿ ನನ್ನ ಕೈಯನ್ನು ಮೆಲ್ಲನೆ ಕೆಳಕ್ಕೆ ಬಾಗಿಸಿದರು. ನಾನು ಕಿರುಚಿದ ರೀತಿಗೆ ಹೊರಗೆ ಕುಳಿತಿದ್ದ ಇಬ್ಬರು ರೋಗಿಗಳು ಎದ್ದು ಹೋದರಂತೆ. ಡಾಕ್ಟರಿಗೆ ಮಾತ್ರ ಬಹಳ ಸಂತೋಷವಾಯಿತು. ಹೊಸ ತಾಯಂದಿರಿಗೆ ಇದು ಮಾಮೂಲು, ಮಗುವಿನ ಕಂಕುಳಿಗೆ ಹೆಬ್ಬೆರಳು ಕೊಟ್ಟು ಕೊಡ ಎತ್ತಿದಂತೆ ಎತ್ತುತ್ತೀರಲ್ಲ, ಅದರಿಂದಲೇ ಹೀಗೆ ಎಂದು ವಿವರಿಸಿದರು. ಮೇಜಿನ ಮೇಲಿದ್ದ ಟವೆಲನ್ನು ಸುತ್ತಿ, ಅಂಗೈ ಮೇಲೆ ಮಾಡಿ ಎರಡೂ ಕೈಗಳನ್ನು ಅದರಡಿ ಜಾರಿಸಿ, ಮುಂಗೈ ಮೇಲೆ ತೆಗೆದುಕೊಂಡು ಎದೆಗೊತ್ತಿ ತೋರಿಸಿದರು. ಕೈಗೊಂದು ಪಟ್ಟಿ ಬಿಗಿದು, ಕೆಲವು ವಾರ ಜೋಪಾನ ಎಂದು ಕಳಿಸಿದರು.

ಜೋಪಾನ ಎಂಬ ಆ ಒಂದು ಮಾತನ್ನು ಮನೆಯವರೆಲ್ಲ ಬಿಗಿಯಾಗಿ ಹಿಡಿದುಕೊಂಡರು. ಅಂದಿನಿಂದ ಮಗಳನ್ನು ಎತ್ತುವವರು ಅವ್ವ, ಸುಧೀರ, ಕಾಕೂ. ಅವಳು ಹಾಲಿಗಷ್ಟೇ ನನ್ನ ಪಕ್ಕ ಬಂದು, ಹಾಲು ಮುಗಿದೊಡನೆ ಯಾರದೋ ಹೆಗಲೇರಿ ಹೋಗುತ್ತಿದ್ದಳು. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಹೌದು, ಸ್ವಂತ ಅವ್ವನ ಮೇಲೆಯೇ! ಹಡೆದವಳು ನಾನು, ಕೈಗೆ ಪಟ್ಟಿ ಕಟ್ಟಿಕೊಂಡು ನನ್ನ ಮನೆಯಲ್ಲೇ ನೆಂಟಳಂತೆ ಕುಳಿತಿರುವವಳೂ ನಾನು ಎಂದು ನೆನೆದು ಒಂದೆರಡು ಸಲ ಅತ್ತದ್ದೂ ಉಂಟು.

ಅಷ್ಟರಲ್ಲಿ ನಾಮಕರಣ ಹತ್ತಿರ ಬಂತು. ನಮ್ಮ ಕಡೆಯ ಪದ್ಧತಿಯೆಂದರೆ, ತಾಯಿ ಮಗುವನ್ನು ತೊಟ್ಟಿಲ ಕೆಳಗಿನಿಂದ ಆಚೆ ಬದಿಯವರಿಗೆ ಕೊಡಬೇಕು, ಅವರು ಮೇಲಿನಿಂದ ತಿರುಗಿ ಕೊಡಬೇಕು, ಹೀಗೆ ಮೂರು ಸಲ. ಮಗುವಿಗಿಂತ ಮೊದಲು ಅದೇ ದಾರಿಯಲ್ಲಿ ಗುಂಡಪ್ಪ ಹೋಗಿಬರಬೇಕು. ಗುಂಡಪ್ಪ ಅಂದರೆ ಬೇರೆ ಯಾರೂ ಅಲ್ಲ, ಟೋಪಿ ಹಾಕಿ ಅಲಂಕಾರ ಮಾಡಿದ ಒರಳಿನ ರುಬ್ಬುಗುಂಡು. ಮುಂಬಯಿಯ ಮಿಕ್ಸಿ ಮನೆಗಳಲ್ಲಿ ಗುಂಡಪ್ಪ ಎಲ್ಲಿ ಸಿಗಬೇಕೆಂದು ಅವ್ವ ಊರಿನಿಂದಲೇ ಹೊತ್ತು ತಂದಿದ್ದಳು. ಸ್ಟೇಷನ್ನಿನಲ್ಲಿ ಆ ಚೀಲ ಎತ್ತಿದ ಸುಧೀರ, ಅತ್ತೆ ಬಂಗಾರ ತಂದಿದ್ದಾರೆಂದು ಮನೆ ಮುಟ್ಟುವವರೆಗೂ ಬಹಳ ವಿನಯದಿಂದಿದ್ದ.

"ಕೂಸು ಕೊಡಾಕ ನೀ ಬ್ಯಾಡವಾ" ಎಂದಳು ಅವ್ವ. "ಕಾಕೂ ಆ ಕಡೆ ನಿಲ್ಲಲಿ, ಈ ಕಡೆ ನಾ ನಿಲ್ತೀನಿ. ನೀ ಕುರ್ಚಿ ಮ್ಯಾಲ ಕುಂತು ನೋಡು."

"ಅವ್ವಾ, ಹಡೆದಾಕಿ ನಾನು!"

"ಹಡದೀ ಖರೆ. ಕೂಸನ್ನ ಕೈ ಬಿಟ್ಟೀ ಅಂದ್ರ?"

ಅದೇ ಭಯ ನನ್ನೊಳಗೂ ಇತ್ತು. ಆದರೂ ಹಟ ಬಿಡಲಿಲ್ಲ. ಕೊನೆಗೆ ಒಂದು ರಾಜಿಯಾಯಿತು. ಮೊದಲು ಗುಂಡಪ್ಪನನ್ನು ಮೂರು ಸಲ ಉಸ್ಸೆನ್ನದೆ ದಾಟಿಸಬೇಕು, ದಾಟಿಸಿದರೆ ಕೂಸು ನನ್ನ ಕೈಗೆ!

ಶುರುವಾಯಿತು ನೋಡಿ ನನ್ನ ತಾಲೀಮು! ಮಧ್ಯಾಹ್ನ ಅವ್ವ ಅಡ್ಡಾದೊಡನೆ ಗುಂಡಪ್ಪನಿಗೆ ಮಗಳ ಟೋಪಿ ತೊಡಿಸಿ ಮಂಚದ ಮೇಲೆ ಮಲಗಿಸುತ್ತಿದ್ದೆ. ಅಂಗೈ ಮೇಲೆ, ಜಾರಿಸು, ಮುಂಗೈಗೆ ತೆಗೆದುಕೋ, ಎದೆಗೊತ್ತು. ಮೊದಲ ದಿನ ಕಣ್ಣೀರು ಬಂತು. ನಾಲ್ಕನೆಯ ದಿನ ಬರೀ ಬೆವರು. ವಾರ ಕಳೆಯುವಷ್ಟರಲ್ಲಿ ನೋವಿಲ್ಲದೆ ಎತ್ತಿ, ನಾಲ್ಕು ಹೆಜ್ಜೆ ನಡೆದು, ಹಾಸಿಗೆಯ ಮೇಲೆ ಉರುಳಿಸಿಬಿಡುವಷ್ಟು ಪಳಗಿದೆ. ಒಂದು ದಿನ ಬೇಗ ಮನೆಗೆ ಬಂದ ಸುಧೀರ, ನಾನು ಕಲ್ಲನ್ನು ಅಪ್ಪಿಕೊಂಡು "ಕತ್ತು ಜೋಪಾನ ಚಿನ್ನಾ" ಎನ್ನುತ್ತಿದ್ದುದನ್ನು ಕಂಡು ಬಾಗಿಲಲ್ಲೇ ನಿಂತ. "ಆ ಟೋಪಿ ಮಗುವಿಗೆ ವಾಪಸ್ ಕೊಡು ಮಾರಾಯ್ತಿ, ಅದು ಎಸಿಯಲ್ಲಿ ಮಲಗಿ ಉಂಟು" ಎಂದ.

ನಾಮಕರಣ ನಮ್ಮ ಬಿಲ್ಡಿಂಗಿನ ಹಾಲ್‌ನಲ್ಲಿ ನಡೆಯಿತು. ಕೈಪಟ್ಟಿಯ ಮೇಲೆ ರವಿಕೆಯದೇ ಹಸಿರು ರೇಷ್ಮೆ ತುಂಡು ಹೊಲಿಸಿಕೊಂಡಿದ್ದೆ. ಇದು ಹೊಸ ಫ್ಯಾಶನ್ನೇ ಎಂದು ಇಬ್ಬರು ಕೇಳಿದರು. ಗುಂಡಪ್ಪ ಮೂರು ಸಲವೂ ಸಲೀಸಾಗಿ ಹೋದ. ನಾನು ಮುಂಗೈ ಓರೆ ಮಾಡುತ್ತಿದ್ದೆ, ಅವನು ಉರುಳುತ್ತಿದ್ದ, ಆಚೆ ಬದಿಯಲ್ಲಿ ಕಾಕೂ ಗಟ್ಟಿಯಾಗಿ ಹಿಡಿಯುತ್ತಿದ್ದರು. ನನ್ನ ಬಾಯಿಂದ ಒಂದು ಉಸ್ಸಿಲ್ಲ! ಅವ್ವ ಮಾತಿಗೆ ತಪ್ಪದೆ ಕೂಸನ್ನು ತಂದು ನನ್ನ ಮುಂದೆ ಮಲಗಿಸಿದಳು.

ಅಂಗೈ ಮೇಲೆ. ಜಾರಿಸಿದೆ. ಬಂದಳು! ಬೆಚ್ಚಗೆ, ಕೊಬ್ಬರಿ ಎಣ್ಣೆಯ ವಾಸನೆಯೊಡನೆ, ಇಡೀ ನನ್ನ ಮಗಳು ನನ್ನ ಮುಂಗೈ ಮೇಲೆ! ಗುಂಡಪ್ಪ ಒಮ್ಮೆಯೂ ನನ್ನ ಮುಖ ನೋಡಿರಲಿಲ್ಲ, ಇವಳು ಕಣ್ಣರಳಿಸಿ ನೋಡಿದಳು. ಖುಷಿಗೆ ನನಗೆ ಕುಣಿಯಬೇಕೆನ್ನಿಸಿತು. ಕುಣಿಯದೆ, ಹೆಂಗಸರ ಹಾಡಿನ ನಡುವೆ ತೊಟ್ಟಿಲ ಕೆಳಗೆ ಬಗ್ಗಿದೆ. ಆಚೆಯಿಂದ ಕಾಕೂ ಕೈಚಾಚಿದರು. ಆಗ ಹೊಳೆಯಿತು. ಡಾಕ್ಟರು ಎತ್ತುವುದನ್ನು ಹೇಳಿಕೊಟ್ಟಿದ್ದರು, ಕೊಡುವುದನ್ನು ನಾನು ಕೇಳಿಯೇ ಇರಲಿಲ್ಲ. ಕಲ್ಲನ್ನಾದರೆ ಉರುಳಿಸಬಹುದು, ಕೂಸನ್ನು ಉರುಳಿಸಲಾದೀತೇ? ಮುಂದಕ್ಕೆ ಚಾಚಬೇಕೆಂದರೆ ಕಂಕುಳಿಗೆ ಹೆಬ್ಬೆರಳು ಕೊಡಬೇಕು. ನಾನು ಬಗ್ಗಿದವಳು ಬಗ್ಗಿಯೇ ಉಳಿದೆ.

"ಅಗೋ, ದೇ ನಾ!" ಎಂದರು ಕಾಕೂ, ಕೊಡೇ ಎಂದು. ಹಾಡು ಮುಗಿದು ಮತ್ತೆ ಮೊದಲಾಯಿತು. ಸೊಂಟ ಹಿಡಿದ ನೋವಿಗೆ ನನ್ನ ಕಣ್ಣಲ್ಲಿ ನೀರಾಡಿತು.

"ನೋಡ್ರೀ, ತಾಯಿ ಕರುಳು! ಬಿಟ್ಟುಕೊಡಾಕ ಮನಸ್ಸು ಒಲ್ಲದು" ಎಂದು ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಕೂಡಲೇ ಇನ್ನೂ ನಾಲ್ಕು ಸೆರಗುಗಳು ಮೇಲೆದ್ದವು. ಕೊನೆಗೆ ಕಾಕೂವೇ ಸೀರೆ ಸಾವರಿಸಿಕೊಂಡು ಮಂಡಿಯೂರಿ ತೊಟ್ಟಿಲ ಕೆಳಗೆ ನುಸುಳಿ ಬಂದು, ನನ್ನ ಮುಂಗೈಯಿಂದ ಮಗಳನ್ನು ತೆಗೆದುಕೊಂಡರು. ಹಾಗೇ ಆಚೆಗೆ ಸರಿದು ಎದ್ದು ಮೇಲಿನಿಂದ ತಿರುಗಿ ಕೊಟ್ಟರು. ಮತ್ತೆ ನುಸುಳಿ ಬಂದರು.

ಈ ಕತೆ ಈಗ ಹುಬ್ಬಳ್ಳಿಯ ನೆಂಟರ ಮನೆಗಳಲ್ಲೆಲ್ಲ ಓಡಾಡುತ್ತಿದೆ. ತಾಯಿಯೆಂದರೆ ಹಾಗಿರಬೇಕು ಎಂದು ದೊಡ್ಡಮ್ಮ ಫೋನಿನಲ್ಲೇ ಬಿಕ್ಕಿದಳು. ಸಂಗತಿ ಕರುಳಿನದಲ್ಲ, ಹೆಬ್ಬೆರಳಿನದು ಎಂದು ನಾನು ಯಾರನ್ನೂ ತಿದ್ದಲು ಹೋಗಿಲ್ಲ. ಯಾಕೆಂದರೆ ಅದೂ ಪೂರ್ತಿ ನಿಜವಲ್ಲ. ಮೂರನೆಯ ಸುತ್ತಿನ ಹೊತ್ತಿಗೆ ನನಗೆ ಉಪಾಯ ಹೊಳೆದಿತ್ತು. ತುಸು ಪಕ್ಕಕ್ಕೆ ತಿರುಗಿದ್ದರೆ ಸಾಕು, ಕಾಕೂ ಕೈ ನೇರ ಮಗುವಿನಡಿಗೆ ಬರುತ್ತಿತ್ತು. ನಾನು ತಿರುಗಲಿಲ್ಲ. ಆ ಅರವತ್ತರ ಹೆಂಗಸು ಏದುಸಿರು ಬಿಡುತ್ತ ಇನ್ನೊಮ್ಮೆ ನುಸುಳಿ ಬರುವ ತನಕ, ಮಗಳನ್ನು ಎದೆಗೊತ್ತಿಕೊಂಡು ಸುಮ್ಮನೆ ಬಗ್ಗಿಯೇ ಇದ್ದೆ.