ಉತ್ತರಕ್ಕೆ ತಲೆಯಿಟ್ಟ ಅತಿಥಿ

ನಡುರಾತ್ರಿಯಲ್ಲಿ ಟಿಣ್ ಎಂದಿತು. ಸ್ವಲ್ಪ ಬಿಟ್ಟು ಮತ್ತೆ ಟಿಣ್, ಟಿಣ್. ಮಿತ್ಸುಯೊ ರಜಾಯಿಯನ್ನು ಹಣೆಯವರೆಗೆ ಎಳೆದುಕೊಂಡಳು. ಊಟದ ಕಡ್ಡಿಯಿಂದ ಬಟ್ಟಲು ಬಡಿದರೆ ಹಸಿದ ಪ್ರೇತಗಳು ಪಂಕ್ತಿಗೆ ಬಂದು ಕೂರುತ್ತವೆ ಎಂದು ಅವಳ ಅಜ್ಜಿ ಹೇಳುತ್ತಿದ್ದಳು. ಸದ್ದು ಬಂದದ್ದು ಮಹಡಿಯಿಂದ. ಅಲ್ಲಿದ್ದವನು ವಿದೇಶಿ ಅತಿಥಿ ಹೆಂಡ್ರಿಕ್ ಒಬ್ಬನೇ.

ಬಿಸಿನೀರಿನ ಬುಗ್ಗೆಗಳ ಆ ಊರಿನ ಹಳೆಯ ವಸತಿಗೃಹದಲ್ಲಿ ಇಂಗ್ಲಿಷ್ ಬರುತ್ತಿದ್ದುದು ಮಿತ್ಸುಯೊಗೆ ಮಾತ್ರ. ಹಾಗಾಗಿ ಹೊರದೇಶದವರಿಗೆ ಇಲ್ಲಿನ ರೀತಿನೀತಿ ವಿವರಿಸುವ ಕೆಲಸ ಅವಳ ಕೊರಳಿಗೆ ಬಿದ್ದಿತ್ತು. ಕಳೆದ ವಾರ ಒಬ್ಬ ಅತಿಥಿ ಮೈತುಂಬ ಸೋಪಿನೊಂದಿಗೇ ಎಲ್ಲರೂ ಮೀಯುವ ಕೊಳಕ್ಕೆ ಇಳಿದಿದ್ದ. ಆಗ ಯಜಮಾನಿ ಹಿಸಾನೊ ಮೆಲ್ಲಗೆ ಹೇಳಿದ್ದರು, "ಇನ್ನೊಂದ್ಸಲ ಹೀಗಾದ್ರೆ ನೀನು ನಿಮ್ಮೂರಿನ ಬಸ್ಸು ಹತ್ತಬಹುದಮ್ಮ." ಹಿಸಾನೊ ಮೆಲ್ಲಗೆ ಮಾತಾಡಿದಷ್ಟೂ ಕೇಳುವವರಿಗೆ ನಡುಕ ಹೆಚ್ಚು.

ಬೆಳಿಗ್ಗೆ ಚಹಾ ಹಿಡಿದು ಬಾಗಿಲು ಸರಿಸಿದವಳು ಅಲ್ಲೇ ಕಂಬವಾದಳು. ಹೆಂಡ್ರಿಕ್ ಹಾಸಿಗೆಯನ್ನೇ ತಿರುಗಿಸಿ, ಉತ್ತರಕ್ಕೆ ತಲೆಯಿಟ್ಟು ಅಂಗಾತ ಮಲಗಿದ್ದ. ನಿಲುವಂಗಿಯ ಬಲದಂಚು ಎಡದ ಮೇಲಿತ್ತು, ಹೆಣಕ್ಕೆ ಉಡಿಸುವ ಹಾಗೆ. ಮುಖದ ಮೇಲೆ ಬಿಳಿ ಬಟ್ಟೆ. ತಲೆದೆಸೆಯಲ್ಲಿ ಒಂದು ಬಟ್ಟಲು ಅನ್ನ, ಅದರಲ್ಲಿ ನೆಟ್ಟಗೆ ಚುಚ್ಚಿ ನಿಲ್ಲಿಸಿದ ಕಡ್ಡಿಗಳು. ಸತ್ತವರಿಗೆ ಇಡುವ ಎಡೆಯೂ ಆಗಿಹೋಗಿತ್ತು. ಬಾಕಿ ಇದ್ದದ್ದು ಅಳುವವರು ಮಾತ್ರ.

ಕರೆದಳು. ಅಲುಗಾಟವಿಲ್ಲ. ಎದ್ದುಬಿದ್ದು ಅಡುಗೆಮನೆಗೆ ಓಡಿದಳು.

"ತೊಕುಜೊ ಅಣ್ಣ, ಮಹಡಿಯವರು ಹೋಗ್ಬಿಟ್ರು."

"ತಿಂಡಿ ತಿನ್ನದೇನಾ?" ಅಡುಗೆಯವನು ಮೂಲಂಗಿ ಹೆಚ್ಚುತ್ತಲೇ ಕೇಳಿದ.

"ಜೀವ ಹೋಯ್ತಣ್ಣ."

ತೊಕುಜೊ ಮಹಡಿ ಹತ್ತಿ, ಬಾಗಿಲ ಸಂದಿಯಿಂದ ಇಣುಕಿ ಬಿಳಿಚಿಕೊಂಡ. "ಸತ್ತೋನು ತಾನೇ ಎಡೆ ಇಟ್ಕೊಳ್ತಾನಾ? ಯಾರೋ ಬಂದು ಮಾಡಿ ಹೋಗಿದಾರೆ."

"ಯಾರು?"

"ನನ್ನ ಕೇಳ್ಬೇಡ. ಮನೇಲಿ ಹೆಂಡ್ತಿ ಮಕ್ಕಳಿದಾರೆ ನಂಗೆ."

ಪಕ್ಕದ ಅಂಗಡಿಯ ಓತಾಕಿ ಅಜ್ಜಿಗೆ ಬೇಲಿಯಾಚೆಯ ಪಿಸುಮಾತು ಕೂಡ ಡಂಗುರದಂತೆ ಕೇಳಿಸುತ್ತಿತ್ತು. ಡಾಕ್ಟರನ್ನು ಕರೆಯೋಣ ಎಂದು ಮಿತ್ಸುಯೊ ಬಾಯಿ ತೆರೆಯುವಷ್ಟರಲ್ಲಿ ಅಜ್ಜಿ ಒಂದು ಕೈಯಲ್ಲಿ ಧೂಪ, ಇನ್ನೊಂದು ಕೈಯಲ್ಲಿ ದೇವಸ್ಥಾನದ ಭಿಕ್ಷುವಿನ ತೋಳು ಹಿಡಿದು ಮೆಟ್ಟಿಲು ಹತ್ತುತ್ತಿದ್ದಳು.

"ಯಜಮಾನಿ ಬರೋದ್ರೊಳಗೆ ಮುಗಿಸ್ಬಿಡಿ ಸ್ವಾಮಿಗಳೇ. ಪಾಪ, ಈ ಹುಡುಗಿ ಕೆಲಸ ಹೋಗತ್ತೆ."

ಭಿಕ್ಷು ಮಂತ್ರ ಶುರುಮಾಡಿದರು. ಹೊಗೆ ಕೋಣೆ ತುಂಬಿತು. ಮಿತ್ಸುಯೊ ಮುಚ್ಚಿದ ಕಣ್ಣನ್ನು ತುಸುವೇ ತೆರೆದಾಗ ಹೆಣದ ಕಾಲ್ಬೆರಳು ಅಲುಗಿತು. ಅವಳು ಅಜ್ಜಿಯ ತೋಳು ಜಗ್ಗಿದಳು.

ಅಜ್ಜಿಯೂ ನೋಡಿದಳು. "ಇನ್ನೂ ಸ್ವಲ್ಪ ಜೋರಾಗಿ ಹೇಳಿ ಸ್ವಾಮಿಗಳೇ. ಪೂರ್ತಿ ಹೋದ ಹಾಗಿಲ್ಲ."

ಹೆಣ ಸೀನಿತು. ಬಿಳಿ ಬಟ್ಟೆ ಹಾರಿ ಭಿಕ್ಷುವಿನ ಮಡಿಲಿಗೆ ಬಿತ್ತು. ಅಷ್ಟು ದಪ್ಪದ ತೊಕುಜೊ ಅಷ್ಟು ಸಣ್ಣ ಅಜ್ಜಿಯ ಹಿಂದೆ ಅಡಗಿದ. ಹೆಂಡ್ರಿಕ್ ಎದ್ದು ಕುಳಿತು, ಕಿವಿಯಿಂದ ಮೇಣದ ಉಂಡೆಗಳನ್ನು ತೆಗೆದು, ಎಲ್ಲರನ್ನೂ ನೋಡಿ ಕೈಮುಗಿದ.

"ಎಷ್ಟು ಚೆನ್ನಾಗಿ ಎಬ್ಬಿಸ್ತೀರಿ ಇಲ್ಲಿ," ಎಂದ ಇಂಗ್ಲಿಷಿನಲ್ಲಿ. "ನಿನ್ನೆ ನೀವು ಕಲಿಸಿದ್ದೆಲ್ಲಾ ಚಾಚೂ ತಪ್ಪದೆ ಮಾಡಿದೀನಿ. ಸರಿ ಇದೆಯಾ?"

ನಿನ್ನೆ ಮಿತ್ಸುಯೊ, ಬಟ್ಟಲು ಬಡಿಯುವುದರಿಂದ ಹಿಡಿದು ಮುಖಕ್ಕೆ ಬಟ್ಟೆ ಹೊದೆಯುವವರೆಗೆ, ಮಾಡಬಾರದ್ದನ್ನೆಲ್ಲ ಒಂದೊಂದಾಗಿ ಮಾಡಿ ತೋರಿಸಿದ್ದಳು. ಅತಿಥಿಯ ಮುಖಕ್ಕೆ ಹೊಡೆದಂತೆ ಬೇಡ ಎನ್ನುವುದುಂಟೆ? ಪ್ರತಿಯೊಂದರ ಕೊನೆಗೂ ತಲೆ ವಾರೆಮಾಡಿ, ಹಲ್ಲಿನ ಸಂದಿಯಿಂದ ಸ್ಸ್ ಎಂದು ಉಸಿರೆಳೆದಿದ್ದಳು. ಅದರರ್ಥ ಖಂಡಿತ ಕೂಡದು ಎಂದು ಆ ಊರಿನ ಹಾಲು ಕುಡಿಯುವ ಮಗುವಿಗೂ ಗೊತ್ತು. ಹೆಂಡ್ರಿಕ್ ಅದನ್ನು ಭಕ್ತಿ ಎಂದುಕೊಂಡಿದ್ದ.

"ಏನಂತಾರೆ?" ಅಜ್ಜಿ ಕೇಳಿದಳು.

"ಅವರ ದೇಶದಲ್ಲಿ ಹೀಗೇ ಮಲಗ್ತಾರಂತೆ."

"ಅದಕ್ಕೇ ಪಾಪ, ಎಲ್ಲರೂ ಅಷ್ಟು ಬಿಳುಪು."

ಅಷ್ಟರಲ್ಲಿ ಬಾಗಿಲಲ್ಲಿ ಹಿಸಾನೊ ನಿಂತಿದ್ದರು. ಹೆಂಡ್ರಿಕ್ ಅವರಿಗೆ ಮಾರುದ್ದ ಬಾಗಿ ಏನೇನೋ ಹೇಳಿದ.

"ಏನಂದ್ರು?" ಹಿಸಾನೊ ಮೆಲ್ಲಗೆ ಕೇಳಿದರು.

"ನಾನು ಚೆನ್ನಾಗಿ ಕಲಿಸ್ದೆ ಅಂತ." ಮಿತ್ಸುಯೊ ನೆಲ ನೋಡುತ್ತ ಮುಂದುವರಿಸಿದಳು. "ಇವರು ಪ್ರವಾಸಿ ತಂಡದ ಮುಖಂಡರಂತೆ. ಕಲಿಯೋಕೇ ಒಂದು ದಿನ ಮುಂಚೆ ಬಂದ್ರಂತೆ. ಸಂಜೆ ಬಸ್ಸಿನ ತುಂಬ ಜನ ಬರ್ತಾರಂತೆ. ಎಲ್ಲರಿಗೂ ಇವರೇ ಹೇಳಿಕೊಡ್ತಾರಂತೆ."

ಹಿಸಾನೊ ಮೊದಲ ಬಾರಿಗೆ ನಕ್ಕರು. "ನೋಡು, ನಿನ್ನ ಬಗ್ಗೆ ಸುಮ್ಮನೆ ಅನುಮಾನಪಟ್ಟೆ."

ಮಿತ್ಸುಯೊ ಹೆಂಡ್ರಿಕ್‌ನತ್ತ ತಿರುಗಿದಳು. ಬೇಡ ಎನ್ನಲು ಇದ್ದ ಕ್ಷಣ ಅದೊಂದೇ. ತಲೆ ತಾನಾಗಿ ವಾರೆಯಾಯಿತು, ಹಲ್ಲಿನ ಸಂದಿಯಿಂದ ಉಸಿರು ಸ್ಸ್ ಎಂದಿತು. ಹೆಂಡ್ರಿಕ್ ಕಣ್ಣುಮುಚ್ಚಿ, ತಾನೂ ತಲೆ ವಾರೆಮಾಡಿ, ಅವಳಿಗಿಂತ ಉದ್ದಕ್ಕೆ ಸ್ಸ್ ಎಂದ.

ನಡೆದದ್ದನ್ನು ಯಾರಿಗೂ ಹೇಳಕೂಡದೆಂದು ನಿರ್ಧರಿಸಿ, ಅವಳು ಬಸ್ಸಿನವರಿಗೆ ಹಾಸಿಗೆ ಹಾಸಲು ಹೋದಳು.