ರಾಣಿಯ ಹಿಂದಿನ ಮರ

ಎಲ್ಲ ರಾದ್ಧಾಂತಕ್ಕೂ ಮೂಲ, ವಿಮರ್ಶಕರ ಬಾಮೈದ ಸಿನಿಮಾದಲ್ಲಿ ಪಾತ್ರ ಮಾಡಿದ್ದು. ಯಾವ ಪಾತ್ರ ಅಂತ ಆ ಮಹಾರಾಯ ಬಾಯಿಬಿಟ್ಟು ಹೇಳಿದ್ದರೂ ಸಾಕಿತ್ತು. ಗೋದಾಮಿನ ಗುಮಾಸ್ತಿಕೆಗೆ ರಜೆ ಹಾಕಿ ಹೋಗುವಾಗ "ನೋಡಿ ಭಾವ, ನಿಮಗೇ ಗೊತ್ತಾಗುತ್ತೆ" ಎಂದವನು, ವಾಪಸ್ ಬಂದ ಮೇಲೆ ತುಟಿ ಪಿಟಕ್ಕೆನ್ನಲಿಲ್ಲ.

ನೆರಳು ಕಳೆದುಕೊಂಡ ರಾಣಿಯೊಬ್ಬಳ ಮಾಯಾಲೋಕದ ಕತೆ ಅದು. ಥಿಯೇಟರಿನಲ್ಲಿ ನಾಯಿಯೂ ಮೂಸಿ ನೋಡದ ಮೇಲೆ ಡಿವಿಡಿಯಾಗಿ ಮನೆಮನೆಗೆ ಬಂದಿತ್ತು. ಇಂಥ ಡಿವಿಡಿಗಳ ಬಗ್ಗೆ ವಿಮರ್ಶಕರು ಸಂಜೆ ಪತ್ರಿಕೆಯೊಂದರಲ್ಲಿ ವಾರಕ್ಕೊಂದು ಅಂಕಣ ಬರೆಯುತ್ತಿದ್ದರು. ಯಾರ ಮನಸ್ಸನ್ನೂ ನೋಯಿಸಲಾರದ ಜೀವ. ಹಾಗಾಗಿ ಅವರ ಅಂಕಣದಲ್ಲಿ ಎಲ್ಲವೂ 'ಒಮ್ಮೆ ನೋಡಬಹುದಾದ ಚಿತ್ರ'. ಓದುಗರು ಬೇಸತ್ತು ಬೈಯತೊಡಗಿದ್ದರು. ಈ ಡಿವಿಡಿ ನೋಡುವ ಹಿಂದಿನ ದಿನ ಸಂಪಾದಕರು ಕರೆದು, "ಈ ಸಲವಾದ್ರೂ ಇದ್ದದ್ದು ಇದ್ದ ಹಾಗೆ ಬರೀರಿ. ಇಲ್ಲಾಂದ್ರೆ ಆ ಜಾಗಕ್ಕೆ ಪದಬಂಧ ಹಾಕ್ತೀನಿ" ಎಂದಿದ್ದರು. ಆ ಅಂಕಣ ಬಿಟ್ಟರೆ ತಮ್ಮದು ಎಂದು ಹೇಳಿಕೊಳ್ಳಲು ವಿಮರ್ಶಕರಿಗೆ ಬೇರೇನೂ ಇರಲಿಲ್ಲ.

ಬೆಳಿಗ್ಗೆ ಡಿವಿಡಿ ಹಾಕುವಾಗ ಹೆಂಡತಿ ಬಾಗಿಲಲ್ಲಿ ಬಂದು ನಿಂತಳು. ತಾನು ನಿನ್ನೆಯೇ ನೋಡಿ ಆಯಿತು, ಕಣ್ಣು ತುಂಬಿ ಬಂತು ಎಂದಳು. ತಮ್ಮನ ಬಗ್ಗೆ ಒಂದಾದರೂ ಒಳ್ಳೆಯ ಮಾತು ಬರೆಯದಿದ್ದರೆ ತಾನು ಅಮ್ಮನ ಮನೆಗೆ ಹೋಗುವುದಾಗಿಯೂ ತಿಳಿಸಿದಳು. ಯಾವ ಪಾತ್ರ ಅವನದು ಎಂದು ಕೇಳುವ ಧೈರ್ಯ ವಿಮರ್ಶಕರಿಗೆ ಬರಲಿಲ್ಲ. ಸ್ವಂತ ಬಾಮೈದನ ಗುರುತೇ ಸಿಗದವನು ಎಂಥ ಗಂಡ, ಎಂಥ ವಿಮರ್ಶಕ?

ಸಿನಿಮಾ ಶುರುವಾಯಿತು. ಮುಗಿಯುವ ಲಕ್ಷಣ ಮಾತ್ರ ಕಾಣಲಿಲ್ಲ. ಅರಮನೆ ರಟ್ಟಿನದು, ಬೆಟ್ಟ ರಟ್ಟಿನದು, ಚಂದ್ರನೂ ರಟ್ಟಿನವನೇ. ಗಾಳಿ ಬೀಸಿದಾಗ ಮಡಚಿಕೊಳ್ಳುತ್ತಿದ್ದ. ರಾಣಿಯೊಬ್ಬಳನ್ನು ಬಿಟ್ಟು ಉಳಿದವರಿಗೆಲ್ಲ ಮುಖವಾಡ. ಕೊನೆಗೆ ಬರುವ ಕಲಾವಿದರ ಹೆಸರುಗಳಲ್ಲಿ ಹುಡುಕಿದರೆ 'ಮತ್ತು ಇತರರು' ಎಂದಷ್ಟೇ ಇತ್ತು. ಫೋನ್ ಮಾಡಿದರೆ ಬಾಮೈದ ಎತ್ತಲಿಲ್ಲ. ಯಾರೋ ಮಾಡಿದ ಪಾಪಕ್ಕೆ ವಿಮರ್ಶಕರು ಆ ಪೀಡೆಯನ್ನು ಮತ್ತೆ ಮೊದಲಿಂದ ಹಾಕಿದರು.

ಸದ್ದು ಕೇಳಿ ಪಕ್ಕದ ಮನೆಯ ನಿವೃತ್ತ ಪೋಸ್ಟ್‌ಮಾಸ್ಟರು ಬಂದು ಕುರ್ಚಿ ಎಳೆದುಕೊಂಡರು. ಕರೆಯದೆ ಬರುವುದು, ಕೇಳದೆ ಹೇಳುವುದು ಅವರ ಪದ್ಧತಿ. ಕುದುರೆ ಮುಖದ ಕಾವಲುಗಾರನೇ ಬಾಮೈದ ಎಂದರು. ಆ ಕಾವಲುಗಾರನೋ ಮೊಣಕಾಲುದ್ದದ ಕುಳ್ಳ, ಬಾಮೈದ ಉದ್ದನೆಯ ಆಳು. ಮೂರು ಕಣ್ಣಿನ ಮಂತ್ರಿ ಎಂದರು. ಅವನು ಬಾಯಿ ತೆರೆದರೆ ಹೆಂಗಸಿನ ದನಿ. ಅಷ್ಟರಲ್ಲಿ ರಾಣಿ ಮರವೊಂದಕ್ಕೆ ಒರಗಿ ಅಳತೊಡಗಿದಳು. ಮರ ಮೆಲ್ಲಗೆ ನಡುಗಿತು. ಪೋಸ್ಟ್‌ಮಾಸ್ಟರು ತೊಡೆ ತಟ್ಟಿದರು.

"ಇವನೇ ನೋಡ್ರಿ. ನಿಮ್ಮನೆಗೆ ಬಂದಾಗ್ಲೂ ಹೀಗೇ ಅಲ್ವಾ? ಮಾತಿಲ್ಲ ಕತೆಯಿಲ್ಲ, ಸುಮ್ನೆ ನಿಂತಿರ್ತಾನೆ."

ವಿಮರ್ಶಕರು ದಿಟ್ಟಿಸಿದರು. ಎತ್ತರವೂ ಸರಿಹೋಯಿತು. ಚಂದ್ರನನ್ನೇ ರಟ್ಟಿನಲ್ಲಿ ಕತ್ತರಿಸಿದ ಜನ ನಿಜವಾದ ಮರವನ್ನು ಮಾತ್ರ ಎಲ್ಲಿಂದ ತಂದಾರು? ಇಷ್ಟು ಜೀವ ಇರಬೇಕಾದರೆ ಒಳಗೆ ಮನುಷ್ಯ ಇರಲೇಬೇಕು.

ಕಚೇರಿಗೆ ಓಡಿಹೋಗಿ ಬರೆಯಲು ಕೂತರು. ವರ್ಷಗಟ್ಟಲೆ ನುಂಗಿಕೊಂಡ ಕಹಿಯೆಲ್ಲ ಹೊರಬಂತು. ಅರಮನೆಯನ್ನು ಚಪ್ಪಲಿ ಡಬ್ಬಿ ಎಂದರು, ರಾಣಿಯನ್ನು ಸೋರುವ ನಲ್ಲಿ ಎಂದರು. ಕೊನೆಗೆ, ಇಡೀ ಚಿತ್ರದಲ್ಲಿ ಸಹಜವಾಗಿ ನಟಿಸಿದವನು ಮರದ ಪಾತ್ರಧಾರಿ ಒಬ್ಬನೇ ಎಂದು ಸೇರಿಸಿದರು. ಕರಡು ತಿದ್ದುವವರಿಗೆ ವಿಮರ್ಶಕರ ಬಾಮೈದ ಈ ಚಿತ್ರದಲ್ಲಿರುವ ವಿಷಯ ಗೊತ್ತಿತ್ತು. ಕೈ ಹಾಕಿದ್ದೇ ಹಾಕಿದ್ದು, ಬಾಮೈದನ ಹೆಸರನ್ನು ದಪ್ಪಕ್ಷರದಲ್ಲಿ ಕೂರಿಸಿ, 'ಬೇರೂರಿದ ಪ್ರತಿಭೆ' ಎಂದು ಹೊಗಳಿಕೆಯನ್ನೂ ಸೇರಿಸಿದರು. ಸಂಪಾದಕರು ಓದಿ ಮೊದಲ ಸಲ ಕೈಕುಲುಕಿದರು.

ಸಂಜೆ ಪತ್ರಿಕೆ ಹೊರಬಂತು. ವಿಮರ್ಶಕರು ಮನೆಗೆ ಬರುವಷ್ಟರಲ್ಲಿ ಹೆಂಡತಿ ಅದನ್ನು ಗೋದಾಮಿಗೆ ಫೋನ್ ಮಾಡಿ ತಮ್ಮನಿಗೆ ಓದಿ ಹೇಳಿಯೂ ಆಗಿತ್ತು. ಬಿಸಿ ಕಾಫಿ ಕೈಗೆ ಬಂತು. ಒಂದು ಗುಟುಕೂ ಕುಡಿದಿರಲಿಲ್ಲ, ಬಾಗಿಲಲ್ಲಿ ಟ್ರಂಕು ಹೊತ್ತ ಬಾಮೈದ ಪ್ರತ್ಯಕ್ಷನಾದ. ಕಣ್ಣಲ್ಲಿ ನೀರು.

"ನಾನಿದ್ದ ಭಾಗಾನೆಲ್ಲ ಕತ್ತರಿಸಿ ಎಸೆದ್ರು ಭಾವ. ನಾಚಿಕೆಯಿಂದ ಯಾರ ಫೋನೂ ಎತ್ತಲಿಲ್ಲ. ಈ ಹುಚ್ಚು ಸಾಕು, ಗೋದಾಮಿನ ಕೆಲ್ಸಾನೇ ಗಟ್ಟಿ ಅಂದ್ಕೊಂಡಿದ್ದೆ."

"ಹಾಗಾದ್ರೆ ಆ ಮರ?"

"ಅದು ನಿಜವಾದ ಮರ. ಇಲ್ಲದೇ ಇರೋ ನನ್ನನ್ನೇ ಇಷ್ಟು ಹೊಗಳಿದ್ದೀರಲ್ಲ, ನನ್ನ ಮೇಲೆ ಅಷ್ಟು ನಂಬಿಕೆ ಇರೋರು ನೀವೊಬ್ರೇ ಭಾವ. ರಾಜೀನಾಮೆ ಬಿಸಾಕಿ ಬಂದೆ. ಅವಕಾಶ ಸಿಗೋ ತನಕ ಇಲ್ಲೇ ಇರ್ತೀನಿ."

ವಿಮರ್ಶಕರು ಹೆಂಡತಿಯ ಕಡೆ ತಿರುಗಿದರು. ಹಾಗಾದರೆ ನಿನ್ನೆ ಕಣ್ಣು ತುಂಬಿ ಬಂದದ್ದು ಯಾರನ್ನು ನೋಡಿ ಎಂದು ಕೇಳಿದರು.

"ಎಲ್ಲೂ ಕಾಣ್ಲಿಲ್ಲ. ಅದಕ್ಕೇ ಬಂತು" ಎಂದಳು ಅವಳು, ನೆಲ ನೋಡುತ್ತ.

ಆಗ ಫೋನ್ ರಿಂಗಾಯಿತು. ಅದು ನಿಜವಾದ ಮರ ಎಂದು ಚಿತ್ರ ಮಾಡಿದವರು ಪತ್ರಿಕೆಯನ್ನು ಬೈಗುಳದಲ್ಲೇ ಹಾಡಿ ಹರಸಿದ್ದರು. ಸಂಪಾದಕರ ದನಿಯಲ್ಲಿ ಸಿಟ್ಟಿಗಿಂತ ಸುಸ್ತೇ ಹೆಚ್ಚಾಗಿತ್ತು. "ನೀವು ಸುಳ್ಳು ಹೊಗಳ್ತಿದ್ರಿ, ಸಹಿಸ್ಕೊಂಡೆ. ಮರ ಯಾವುದು ಮನುಷ್ಯ ಯಾರು ಅಂತಾನೂ ಗೊತ್ತಾಗ್ದೇ ಇದ್ರೆ ಹೇಗ್ರಿ?"

ಮುಂದಿನ ವಾರ ಆ ಜಾಗದಲ್ಲಿ ಪದಬಂಧ ಬಂತು. ಬಾಮೈದ ವಿಮರ್ಶಕರ ಕುರ್ಚಿಯಲ್ಲೇ ಕಾಲು ಚಾಚಿ ಕೂತು, ವಿಮರ್ಶಕರ ಪೆನ್ನಿನಲ್ಲೇ ಅದನ್ನು ಬಿಡಿಸಿದ. ವಿಮರ್ಶಕರು ಕಿಟಕಿಯ ಬಳಿ ನಿಂತಿದ್ದರು. ಮಾತಿಲ್ಲ, ಕತೆಯಿಲ್ಲ, ಸುಮ್ಮನೆ.