ಒಲೆ ಹಚ್ಚಲು ಒಂದು ದಿನ ಬೇಕಾಗಿದೆ

ಮಕ್ಕಳ ಪಾಲನಾ ಇಲಾಖೆಯ ಸ್ವಾವಲಂಬನೆ ವಿಭಾಗದ ಮುಖ್ಯಾಧಿಕಾರಿಗಳೂ, ಲೆಕ್ಕವಿಲ್ಲದಷ್ಟು ಸುತ್ತೋಲೆಗಳ ಜನ್ಮದಾತರೂ ಆದ ಮಾನ್ಯರೇ,

ತಮ್ಮ ಅಧೀನದ ಮಕ್ಕಳ ಮನೆಯಲ್ಲಿ ಹತ್ತೊಂಬತ್ತು ವರ್ಷಗಳಿಂದ ಅರವತ್ತು ಹೊಟ್ಟೆಗಳಿಗೆ ಬೇಯಿಸಿ ಹಾಕುತ್ತಿರುವ ಅಡುಗೆಯವಳು, ಸೌಟು ಕೆಳಗಿಟ್ಟು, ಒದ್ದೆ ಕೈ ಒರೆಸಿಕೊಂಡು ಮಾಡುವ ನಮಸ್ಕಾರಗಳನ್ನು ತಾವು ಕುಳಿತಲ್ಲಿಂದಲೇ ಸ್ವೀಕರಿಸಬೇಕು.

ಮೊದಲು ಅಭಿನಂದನೆ. ಹದಿನೆಂಟು ತುಂಬದವರು ಅಡುಗೆಮನೆಗೆ ಕಾಲಿಡಕೂಡದು ಎಂಬ ಫಲಕವನ್ನು ತಾವು ನನ್ನ ಬಾಗಿಲಿಗೆ ಹೊಡೆಸಿದ ಮೇಲೆ ಒಂದು ಮಗುವಿನ ಬೆರಳೂ ಸುಟ್ಟಿಲ್ಲ. ಹದಿನೆಂಟು ತುಂಬಿದವರು ಆವರಣಕ್ಕೇ ಕಾಲಿಡಕೂಡದು ಎಂಬ ಇನ್ನೊಂದನ್ನು ಗೇಟಿಗೆ ಹೊಡೆಸಿದವರೂ ತಾವೇ. ಇವೆರಡರ ನಡುವೆ ಒಂದು ಮಗು ಬೆಂಕಿಕಡ್ಡಿ ಗೀರುವಷ್ಟು ಸಂದೂ ಉಳಿಯದಂತೆ ನೋಡಿಕೊಂಡಿರಲ್ಲ, ಆ ಬುದ್ಧಿಗೆ ನಾನು ಬೆರಗಾಗಿದ್ದೇನೆ. ನನ್ನಂಥ ದಡ್ಡಿಯಾಗಿದ್ದರೆ ಮರೆತು ಎಲ್ಲೋ ಒಂದು ವಾರ ಬಿಟ್ಟುಬಿಡುತ್ತಿದ್ದಳು.

ಹಾಗಂತ ತಾವು ಏನೂ ಕಲಿಸದೆ ಹೊರಗೆ ದಬ್ಬುತ್ತೀರಿ ಎಂದು ಯಾರಾದರೂ ಅಂದರೆ ನಾನು ಸುಮ್ಮನಿರುವವಳಲ್ಲ. ಮೂರು ದಿನಗಳ ತರಬೇತಿ ಇದೆ. ತಮ್ಮ ತರಬೇತುದಾರರು ಊಟದ ಕೋಣೆಯ ಗೋಡೆಯ ಮೇಲೆ ಒಲೆಯ ಚಿತ್ರ ಮೂಡಿಸಿ, ಅದರ ಭಾಗಗಳನ್ನು ಕೋಲಿನಿಂದ ಮುಟ್ಟಿ ಮುಟ್ಟಿ ವಿವರಿಸುತ್ತಿದ್ದಾಗ, ಅದೇ ಗೋಡೆಯ ಈಚೆಗೆ ನಾನು ನಿಜವಾದ ಒಲೆ ಉರಿಸಿಕೊಂಡು ನಿಂತಿದ್ದೆ. 'ಇಲ್ಲಿಗೇ ಕರ್ಕೊಂಡು ಬನ್ನಿ, ತೋರಿಸ್ತೀನಿ' ಎಂದಿದ್ದಕ್ಕೆ ವಾರ್ಡನ್ನಮ್ಮ, 'ನಿನಗ್ಯಾಕಮ್ಮ ಊರ ಉಸಾಬರಿ?' ಎಂದರು. ಕೊನೆಗೆ ಪರೀಕ್ಷೆ. ಹಾಲು ಉಕ್ಕುತ್ತಿದ್ದರೆ ಏನು ಮಾಡುವಿರಿ ಎಂಬ ಪ್ರಶ್ನೆಗೆ, ನಾವೆಲ್ಲ ಗಡಿಬಿಡಿ ಎಂದು ಕರೆಯುವ ಹುಡುಗಿ 'ಓಡಿ ಹೋಗಿ ಆರಿಸ್ತೀನಿ' ಎಂದು ಬರೆದು ಸೊನ್ನೆ ತೆಗೆದುಕೊಂಡಳು. ಉದ್ದಜಡೆ ಎಂಬ ಇನ್ನೊಬ್ಬಳು 'ಸಂಬಂಧಪಟ್ಟವರಿಗೆ ತಿಳಿಸುತ್ತೇನೆ' ಎಂದು ಬರೆದು ಪೂರ್ಣ ಅಂಕ ಗಳಿಸಿದಳು.

ಆ ಉದ್ದಜಡೆ ಹೋದ ತಿಂಗಳು ಹದಿನೆಂಟು ತುಂಬಿ, ತಮ್ಮ ಕೈಯಿಂದಲೇ ಪ್ರಮಾಣಪತ್ರ ಪಡೆದು, ಹೊಲಿಗೆ ಕಾರ್ಖಾನೆಯ ಹತ್ತಿರ ಒಂದು ಕೋಣೆ ಸೇರಿದಳು. ಮೂರನೇ ಬೆಳಿಗ್ಗೆ ನನಗೆ ಫೋನು: 'ಅಕ್ಕಾ, ಹಾಲು ಉಕ್ತಾ ಇದೆ, ಯಾರಿಗೆ ಹೇಳ್ಲಿ?' ನಗಬೇಕೋ ಅಳಬೇಕೋ ತಿಳಿಯದೆ, 'ನನಗೆ ಹೇಳಿದ್ಯಲ್ಲ, ಈಗ ಆರಿಸು ತಾಯೀ' ಎಂದೆ. 'ಯಾವ ಕಡೆ ತಿರುಗಿಸ್ಬೇಕು?' ಎಂದಳು. ಅಂದು ಹೆದರಿದವಳು ಮತ್ತೆ ಒಲೆಯ ತಂಟೆಗೇ ಹೋಗಿಲ್ಲ. ಬ್ರೆಡ್ಡು, ಬಾಳೆಹಣ್ಣಿನಲ್ಲೇ ದಿನ ದೂಡುತ್ತಿದ್ದಾಳೆ. ಕಳೆದ ಭಾನುವಾರ ಗೇಟಿನ ಹೊರಗೆ ಬಂದು ನಿಂತಿದ್ದಳು. ತಾವು ಓದು ಕಲಿಸಿದ್ದೀರಲ್ಲ, ಫಲಕ ಓದಿಕೊಂಡು ಒಳಗೆ ಬರಲಿಲ್ಲ. ಕಂಬಿಗಳ ಸಂದಿಯಿಂದ ಅನ್ನದ ಡಬ್ಬಿ ಕೊಟ್ಟೆ, ರಸ್ತೆಯಲ್ಲಿ ನಿಂತೇ ತಿಂದಳು. ಮಾನ್ಯರೇ, ಇದನ್ನು ಯಾವ ನಮೂನೆಯಲ್ಲಿ ತುಂಬಬೇಕೋ ನನಗೆ ಗೊತ್ತಿಲ್ಲ.

ಈಗ ಗಡಿಬಿಡಿಯ ಸರದಿ. ಬರುವ ಗುರುವಾರಕ್ಕೆ ಅವಳಿಗೆ ಹದಿನೆಂಟು. ಆದಕಾರಣ, ಬುಧವಾರಕ್ಕೂ ಗುರುವಾರಕ್ಕೂ ನಡುವೆ ತಾವು ದಯಮಾಡಿ ಒಂದು ಹೆಚ್ಚುವರಿ ದಿನವನ್ನು ಮಂಜೂರು ಮಾಡಬೇಕು. ಆ ದಿನ ಅವಳಿಗೆ ಹದಿನೇಳೂ ಆಗಿರಬಾರದು, ಹದಿನೆಂಟೂ ಆಗಿರಬಾರದು. ವಾರಕ್ಕೆ ಏಳೇ ದಿನ ಎಂದು ಕೆಳಗಿನವರು ತಕರಾರು ತೆಗೆದರೆ ತಮ್ಮ ಒಂದು ಸುತ್ತೋಲೆ ಸಾಕು, ಬಾಯಿ ಮುಚ್ಚುತ್ತಾರೆ. ಒಲೆ ಹಚ್ಚುವುದು, ಆರಿಸುವುದು, ಒಬ್ಬಳಿಗೇ ಎಷ್ಟು ಅಕ್ಕಿ ಹಾಕಬೇಕೆಂಬುದು, ಇಷ್ಟನ್ನು ನಾನು ಕಲಿಸಿಬಿಡುತ್ತೇನೆ. ಇದು ಆಗದ ಮಾತಾದರೆ ತಾವೇ ಅವಳ ಜೊತೆ ಹೋಗಿ, ಅವಳು ಹಾಲಿಟ್ಟಾಗಲೆಲ್ಲ ಸಂಬಂಧಪಟ್ಟವರಾಗಿ ಪಕ್ಕದಲ್ಲಿ ನಿಲ್ಲಬೇಕಾಗಿ ಕೋರುತ್ತೇನೆ.

ತಮ್ಮ ಹೊಟ್ಟೆ ಸದಾ ತಣ್ಣಗಿರಲೆಂದು ಹಾರೈಸುವ,

ತಮ್ಮ ವಿಶ್ವಾಸಿ,
ಅಡುಗೆಯವಳು

ವಿ.ಸೂ.: ಈ ಪತ್ರವನ್ನು ತಮ್ಮ ಮೇಜಿಗೆ ತಂದಿರುವವಳೇ ಗಡಿಬಿಡಿ. ಅವಳ ಫ್ಲಾಸ್ಕಿನಲ್ಲಿರುವುದು ಇವತ್ತು ಬೆಳಿಗ್ಗೆ ನನ್ನ ಒಲೆಯ ಮೇಲೆ ಅವಳೇ ಮಾಡಿದ ಚಹಾ. ಹೆಬ್ಬೆರಳಿನ ಮೇಲೆ ಒಂದು ಬೊಬ್ಬೆ ಇದೆ. ವಿಚಾರಣೆ ನಡೆಸುವುದಾದರೆ ನನ್ನ ಮೇಲೆ ನಡೆಸಿ. ಸಕ್ಕರೆ ಜಾಸ್ತಿಯಾಗಿದ್ದರೆ ಮಾತ್ರ ದಾಕ್ಷಿಣ್ಯ ಮಾಡದೆ ಅವಳಿಗೇ ಹೇಳಿಬಿಡಿ. ಗುರುವಾರದ ಮೇಲೆ ಅವಳಿಗೆ ಹೇಳುವವರು ಯಾರೂ ಇರುವುದಿಲ್ಲ.